ಮನೆಗೊಂದು ಡೆಸ್ಕ್‌ಟಾಪ್: ಕಾಗದಪತ್ರ, ಕರೆಂಟು, ಧೂಳು

(ದಾವಣಗೆರೆಯಲ್ಲಿ ರೈತರು, ಗೃಹಿಣಿಯರು ಮತ್ತು ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಮೊಬೈಲ್ ಇಲ್ಲದ ಮನೆ ಈಗ ಹುಡುಕಿದರೂ ಸಿಗುವುದು ಕಷ್ಟ. ಆದರೂ ಮಗಳ ಸ್ಕಾಲರ್‌ಶಿಪ್ ಅರ್ಜಿ, ಜಮೀನಿನ ಪಹಣಿ, ಮಗನ ಬ್ಯಾಂಕ್ ಪರೀಕ್ಷೆಯ ಹಾಲ್ ಟಿಕೆಟ್ ಅಂದ ಕೂಡಲೇ ಕಾಗದಗಳ ಕವರ್ ಹಿಡಿದು ಬ್ರೌಸಿಂಗ್ ಸೆಂಟರಿಗೆ ಹೊರಡುತ್ತೇವೆ. ಮಾತಾಡಲು, ಹಣ ಕಳಿಸಲು, ವಿಡಿಯೋ ನೋಡಲು ಮೊಬೈಲ್ ಸಾಕು. ಉದ್ದದ ಅರ್ಜಿ ತುಂಬಲು, ಲೆಕ್ಕ ಬರೆಯಲು, ಎಂಟು ವರ್ಷ ಹಿಂದಿನ ರಸೀದಿ ಹುಡುಕಿ ತೆಗೆಯಲು ಅದು ಸಾಲದು. ಮೇಲಾಗಿ ಮೊಬೈಲ್ ಒಬ್ಬರ ಸ್ವತ್ತು. ಅವರು ಬೆಂಗಳೂರಿಗೆ ಹೋದರೆ ಮನೆಯ ದಾಖಲೆಯೂ ಅವರ ಜೇಬಿನಲ್ಲೇ ಹೋಗುತ್ತದೆ. ಡೆಸ್ಕ್‌ಟಾಪ್ ಹಾಗಲ್ಲ, ಅದು ಇಡೀ ಮನೆಯದು. ಕೆಟ್ಟರೆ ಒಂದು ಸ್ಟಾರ್ ಸ್ಕ್ರೂಡ್ರೈವರ್ ಸಾಕು, ಬಿಚ್ಚಬಹುದು. ಹಾಳಾದ ಭಾಗವೊಂದನ್ನೇ ಊರಿನ ಅಂಗಡಿಯಲ್ಲಿ ಕೊಂಡು ಹಾಕಿ ಮತ್ತೆ ನಡೆಸಬಹುದು.

ಇವತ್ತು ಹೇಳಬೇಕಾದ್ದು ಇಷ್ಟು: ಮನೆಯ ಕಾಗದಪತ್ರದ ಕೆಲಸ ಮನೆಯವರ ಕೈಯಲ್ಲೇ ಆಗಬೇಕು. ಅದಕ್ಕೆ ಸಾಧಾರಣ ಡೆಸ್ಕ್‌ಟಾಪ್ ಒಂದು ಸಾಕು. ಆದರೆ ನಮ್ಮ ಕಡೆಯ ಕರೆಂಟು ಮತ್ತು ಧೂಳನ್ನು ಅರಿತು ಅದನ್ನು ಇಟ್ಟುಕೊಳ್ಳಬೇಕು.

ಮೊದಲು ಕಾಗದಪತ್ರ. ಹೊರಗಿನ ಕಂಪ್ಯೂಟರಿನಲ್ಲಿ ಆಧಾರ್ ಡೌನ್‌ಲೋಡ್ ಮಾಡಿಸಿ ಪ್ರಿಂಟ್ ತೆಗೆದುಕೊಂಡು ಬರುತ್ತೇವೆ. ಆ ಫೈಲ್ ಅಲ್ಲಿನ ಡೌನ್‌ಲೋಡ್ಸ್ ಫೋಲ್ಡರಿನಲ್ಲೇ ಉಳಿದಿರುತ್ತದೆ. ಅದಕ್ಕೆ ಪಾಸ್‌ವರ್ಡ್ ಇದೆಯಲ್ಲ ಎನ್ನಬಹುದು. ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರ, ಮುಂದೆ ಹುಟ್ಟಿದ ವರ್ಷ, ಇಷ್ಟೇ ಆ ಪಾಸ್‌ವರ್ಡ್. ಅರ್ಜಿ ತುಂಬಿಕೊಟ್ಟವರಿಗೆ ಎರಡೂ ಗೊತ್ತಿರುತ್ತವೆ. ಅವರು ಕೆಟ್ಟವರೆಂದು ಹೇಳುತ್ತಿಲ್ಲ. ನೂರು ಜನ ಪೆನ್‌ಡ್ರೈವ್ ಚುಚ್ಚುವ ಯಂತ್ರದಲ್ಲಿ ನಮ್ಮ ದಾಖಲೆ ಇರಬಾರದು, ಅಷ್ಟೆ. ಹೊರಗೆ ಮಾಡಿಸಲೇಬೇಕಾದರೆ, ಎದ್ದು ಬರುವ ಮುನ್ನ ಫೈಲನ್ನು ಅಳಿಸಿಸಿ, ರಿಸೈಕಲ್ ಬಿನ್ನನ್ನೂ ಖಾಲಿ ಮಾಡಿಸಿ, ಬ್ರೌಸರಿನಿಂದ ಲಾಗ್ ಔಟ್ ಆಗಿ ಬನ್ನಿ.

ಮನೆಯ ಯಂತ್ರದಲ್ಲಿ ದಾಖಲೆ ಜೋಡಿಸುವಾಗ ಮನೆಯ ಪ್ರತಿಯೊಬ್ಬರಿಗೂ ಒಂದು ಫೋಲ್ಡರ್ ಮಾಡಿ. ಜಮೀನಿಗೊಂದು, ಮನೆ ಕಂದಾಯ ಮತ್ತು ಕರೆಂಟ್ ಬಿಲ್ಲಿಗೊಂದು, ಆಸ್ಪತ್ರೆ ವರದಿಗೊಂದು ಬೇರೆ ಇರಲಿ. ಫೈಲಿನ ಹೆಸರಿನಲ್ಲಿ ಮೊದಲು ವರ್ಷ, ಆಮೇಲೆ ತಿಂಗಳು, ಕೊನೆಗೆ ದಿನಾಂಕ ಬರಲಿ: 2024-06-12-ಪಹಣಿ ಎಂಬ ಹಾಗೆ. ದಿನಾಂಕ ಮೊದಲು ಬರೆದರೆ ಬೇರೆ ಬೇರೆ ವರ್ಷದ ಕಾಗದಗಳು ಕಲಸಿಹೋಗುತ್ತವೆ. ವರ್ಷ ಮೊದಲಿದ್ದರೆ ಕಂಪ್ಯೂಟರೇ ಸಾಲಾಗಿ ಜೋಡಿಸುತ್ತದೆ. ಹೆಸರು ಕನ್ನಡದಲ್ಲಿದ್ದರೆ ತೊಂದರೆಯೇನೂ ಇಲ್ಲ. ಆದರೆ ಕೆಲವು ಸರ್ಕಾರಿ ಜಾಲತಾಣಗಳು ಕನ್ನಡ ಹೆಸರಿನ ಫೈಲನ್ನು ಸ್ವೀಕರಿಸುವುದಿಲ್ಲ. ಅಪ್‌ಲೋಡ್ ಮಾಡುವಾಗ ಒಂದು ಪ್ರತಿ ತೆಗೆದು, ಖಾಲಿ ಜಾಗವಿಲ್ಲದ ಚಿಕ್ಕ ಇಂಗ್ಲಿಷ್ ಹೆಸರು ಕೊಡಿ.

ಹಳೆಯ ಕ್ರಯಪತ್ರ, ವಿಭಾಗಪತ್ರಗಳನ್ನು ಸ್ಕ್ಯಾನ್ ಮಾಡುವಾಗ 300 ಡಿಪಿಐ (ಇಂಚಿಗೆ ಎಷ್ಟು ಚುಕ್ಕೆ ಎಂಬ ಅಳತೆ) ಮತ್ತು ಕಲರ್ ಆರಿಸಿ. ಕಪ್ಪು-ಬಿಳುಪಿನಲ್ಲಿ ತೆಗೆದರೆ ಮಾಸಿದ ನೀಲಿ ಮೊಹರು, ಹೆಬ್ಬೆಟ್ಟಿನ ಗುರುತು ಮಾಯವಾಗುತ್ತವೆ, ಮುಂದೆ ಬೇಕಾಗುವುದು ಅವೇ. ಸ್ಕ್ಯಾನರ್ ಇಲ್ಲದಿದ್ದರೆ ಹಗಲು ಬೆಳಕಿನಲ್ಲಿ ಕಿಟಕಿಯ ಪಕ್ಕ ಕಾಗದವನ್ನು ಮಟ್ಟಸವಾಗಿ ಹರಡಿ, ಮೊಬೈಲನ್ನು ನೇರ ಮೇಲೆ ಹಿಡಿದು ಫೋಟೋ ತೆಗೆಯಿರಿ. ಅದನ್ನು ಯುಎಸ್‌ಬಿ ಕೇಬಲಿನಲ್ಲೇ ಕಂಪ್ಯೂಟರಿಗೆ ಹಾಕಿ. ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಿಕೊಂಡರೆ ಅದು ಚಿತ್ರವನ್ನು ಕುಗ್ಗಿಸುತ್ತದೆ, ಸಣ್ಣ ಅಕ್ಷರ ಓದಲು ಬರುವುದಿಲ್ಲ.

ಅರ್ಜಿಗಳಿಗೆ ಇದರ ವಿರುದ್ಧದ ಕೆಲಸ, ಚಿತ್ರವನ್ನು ಚಿಕ್ಕದು ಮಾಡಬೇಕು. ಐಬಿಪಿಎಸ್ ಬ್ಯಾಂಕ್ ಪರೀಕ್ಷೆಗೆ ಫೋಟೋ 200 ಅಗಲ, 230 ಎತ್ತರದ ಪಿಕ್ಸೆಲ್ ಇದ್ದು, 20ರಿಂದ 50 ಕೆಬಿ ಒಳಗಿರಬೇಕು. ಸಹಿ 140 ಮತ್ತು 60 ಪಿಕ್ಸೆಲ್, 10ರಿಂದ 20 ಕೆಬಿ. ವಿಂಡೋಸ್ ಜೊತೆಗೇ ಬರುವ ಪೇಂಟ್ ಇದಕ್ಕೆ ಸಾಕು. ಫೋಟೋ ತೆರೆದು, ಬೇಡದ ಅಂಚನ್ನು ಕ್ರಾಪ್ ಮಾಡಿ, ರೀಸೈಜ್ ಒತ್ತಿ, ಪರ್ಸೆಂಟೇಜ್ ಬದಲು ಪಿಕ್ಸೆಲ್ಸ್ ಆರಿಸಿ, ಅಗಲ-ಎತ್ತರ ಕೊಟ್ಟು, ಜೆಪೆಗ್ ಆಗಿ ಬೇರೆ ಹೆಸರಿನಲ್ಲಿ ಉಳಿಸಿ. ಬೇರೆ ಹೆಸರು ಎಂಬುದನ್ನು ಮರೆಯಬೇಡಿ. ಅದೇ ಹೆಸರಿನಲ್ಲಿ ಉಳಿಸಿದರೆ ಮೂಲ ಫೋಟೋ ಹೋಯಿತು. ಒಮ್ಮೆ ಕುಗ್ಗಿದ ಚಿತ್ರವನ್ನು ಮತ್ತೆ ಹಿಗ್ಗಿಸಿದರೆ ಮುಖ ಮಸುಕಾಗುತ್ತದೆ, ಅರ್ಜಿ ತಿರಸ್ಕಾರವಾಗಲು ಅಷ್ಟು ಸಾಕು.

ಪಹಣಿಯನ್ನು ದೊಡ್ಡ ಪರದೆಯ ಮೇಲೆ ನೋಡಬೇಕೆಂದು ರೈತರಿಗೆ ಒತ್ತಿ ಹೇಳುತ್ತೇನೆ. ಮೊಬೈಲಿನಲ್ಲಿ ಒಂದು ಕಾಲಂ ಕಂಡರೆ ಇನ್ನೊಂದು ಮರೆಯಾಗುತ್ತದೆ. 22 ಇಂಚಿನ ಮಾನಿಟರಿನಲ್ಲಿ ಇಡೀ ಹಾಳೆ ಒಂದೇ ನೋಟಕ್ಕೆ ಸಿಗುತ್ತದೆ. 9ನೇ ಕಾಲಂನಲ್ಲಿ ಸ್ವಾಧೀನದಾರರ ಹೆಸರು ಮತ್ತು ವಿಸ್ತೀರ್ಣ, 10ರಲ್ಲಿ ಅದು ಬಂದ ಬಗೆ, 11ರಲ್ಲಿ ಹಕ್ಕು ಮತ್ತು ಋಣ, 12ರಲ್ಲಿ ಸಾಗುವಳಿ ಮತ್ತು ಬೆಳೆ. ಬ್ಯಾಂಕ್ ಸಾಲ ತೀರಿಸಿದ ಮೇಲೂ 11ನೇ ಕಾಲಂನಲ್ಲಿ ಆ ಸಾಲ ಹಾಗೇ ನಿಂತಿರುವುದುಂಟು. ಹೊಸ ಸಾಲಕ್ಕೆ ಹೋದಾಗ, ಇಲ್ಲವೇ ಮಾರಲು ಹೋದಾಗ ಅದು ಅಡ್ಡ ಬರುತ್ತದೆ. ವರ್ಷಕ್ಕೆರಡು ಸಲ ಮನೆಯಲ್ಲೇ ಕೂತು ಭೂಮಿ ತಂತ್ರಾಂಶದ ತಾಣದಲ್ಲಿ ನಿಮ್ಮ ಸರ್ವೆ ನಂಬರ್ ಹಾಕಿ ನೋಡಿ, ಪುಟವನ್ನು ಪಿಡಿಎಫ್ ಮಾಡಿ ಇಟ್ಟುಕೊಳ್ಳಿ. ಹೋದ ವರ್ಷದ್ದರ ಪಕ್ಕ ಈ ವರ್ಷದ್ದನ್ನು ತೆರೆದು ಹೋಲಿಸಿದರೆ ಏನು ಬದಲಾಗಿದೆ ಎಂದು ನಿಮಗೇ ಕಾಣುತ್ತದೆ.

ಲೆಕ್ಕದ ವಿಷಯ. ಲಿಬ್ರೆ ಆಫೀಸ್ ಉಚಿತವಾಗಿ ಸಿಗುತ್ತದೆ, ಅದರ ಕ್ಯಾಲ್ಕ್ ಎಂಬ ಹಾಳೆಯಲ್ಲಿ ಒಂದು ಎಕರೆ ಮೆಕ್ಕೆಜೋಳದ ಲೆಕ್ಕ ಬರೆದು ನೋಡಿ. ದಿನಾಂಕ, ವಿವರ, ಯಾವ ಹೊಲ, ಖರ್ಚು, ಆದಾಯ, ಈ ಐದು ಕಾಲಂ ಸಾಕು. ಬೀಜ, ಗೊಬ್ಬರ, ಟ್ರ್ಯಾಕ್ಟರ್ ಬಾಡಿಗೆ, ಆಳಿನ ಕೂಲಿ, ಒಕ್ಕಣೆ, ಒಂದೊಂದಕ್ಕೂ ಒಂದು ಸಾಲು. ಮಾರುವಾಗ ಎಷ್ಟು ಕ್ವಿಂಟಲ್, ತೇವಾಂಶಕ್ಕೆ ಎಷ್ಟು ಕಡಿತ, ಹಮಾಲಿ ಎಷ್ಟು ಎಂಬುದನ್ನೂ ಬರೆಯಿರಿ. ಹೊಸಬರು ಇಲ್ಲಿ ಎಡವುವ ಜಾಗ ಒಂದಿದೆ. ಖರ್ಚಿನ ಕಾಲಂನಲ್ಲಿ "2500 ರೂ" ಎಂದು ಬರೆದರೆ ಕಂಪ್ಯೂಟರ್ ಅದನ್ನು ಅಕ್ಷರವೆಂದು ತಿಳಿಯುತ್ತದೆ, ಮೊತ್ತದಲ್ಲಿ ಸೇರಿಸುವುದಿಲ್ಲ, ತಪ್ಪೆಂದು ಎಚ್ಚರಿಸುವುದೂ ಇಲ್ಲ. ಬರೀ 2500 ಎಂದೇ ಬರೆಯಬೇಕು. ಪತ್ತೆ ಹಚ್ಚುವುದು ಸುಲಭ, ಅಂಕಿ ತಾನಾಗೇ ಬಲಕ್ಕೆ ಸರಿಯುತ್ತದೆ, ಅಕ್ಷರ ಎಡಕ್ಕೆ ನಿಲ್ಲುತ್ತದೆ. ಖರ್ಚಿನ ಕಾಲಂನಲ್ಲಿ ಎಡಕ್ಕೆ ನಿಂತದ್ದು ಕಂಡರೆ ಅದು ಲೆಕ್ಕಕ್ಕೆ ಸಿಕ್ಕಿಲ್ಲ. ಹಾಲಿನ ಲೆಕ್ಕ, ಚೀಟಿ ಲೆಕ್ಕ, ಮಹಿಳಾ ಸಂಘದ ಉಳಿತಾಯ, ಎಲ್ಲಕ್ಕೂ ಇದೇ ಕ್ರಮ.

ಕನ್ನಡ ಬರೆಯಲು ಯಾವುದನ್ನೂ ಕೊಳ್ಳಬೇಕಿಲ್ಲ. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಭಾಷೆಯ ಭಾಗಕ್ಕೆ ಹೋಗಿ ಕನ್ನಡ ಸೇರಿಸಿ. ವಿಂಡೋಸ್ ಕೀಲಿ ಹಿಡಿದು ಸ್ಪೇಸ್ ಒತ್ತಿದರೆ ಇಂಗ್ಲಿಷಿನಿಂದ ಕನ್ನಡಕ್ಕೆ, ಕನ್ನಡದಿಂದ ಇಂಗ್ಲಿಷಿಗೆ ಬದಲಾಗುತ್ತದೆ. ನುಡಿ ಎಂಬ ಕನ್ನಡ ತಂತ್ರಾಂಶದ ಕೀಲಿಮಣೆ ಕಲಿತವರು ಅದನ್ನೇ ಬಳಸಬಹುದು. ಎಫ್ ಕೀಲಿ ಒತ್ತಿ ಒತ್ತಕ್ಷರ ಮೂಡಿಸುವ ಆ ಕ್ರಮ ಬೇಗ ಕೈಗೆ ಹತ್ತುತ್ತದೆ. ಆದರೆ ಬರೆದದ್ದು ಯೂನಿಕೋಡಿನಲ್ಲೇ, ಅಂದರೆ ಎಲ್ಲ ಯಂತ್ರಕ್ಕೂ ಅರ್ಥವಾಗುವ ಅಕ್ಷರ ಸಂಕೇತದಲ್ಲೇ ಇರಲಿ. ಹಳೆಯ ನುಡಿ ಫಾಂಟಿನಲ್ಲಿ ಬರೆದ ಪತ್ರವನ್ನು ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ, ಹುಡುಕಿದರೆ ಒಂದು ಪದವೂ ಸಿಗುವುದಿಲ್ಲ. ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್ಸಿನವರು ಈಗಲೂ ಹಳೆಯ ಫಾಂಟ್ ಕೇಳಬಹುದು. ಅವರಿಗೆ ಪರಿವರ್ತಿಸಿ ಕೊಟ್ಟು, ನಿಮ್ಮ ಪ್ರತಿಯನ್ನು ಯೂನಿಕೋಡಿನಲ್ಲಿ ಇಟ್ಟುಕೊಳ್ಳಿ.

ಮಕ್ಕಳ ಓದಿಗೆ ಇದರ ಉಪಯೋಗ ನಿಮಗೆ ಗೊತ್ತೇ ಇದೆ, ಉದ್ದ ಮಾಡುವುದಿಲ್ಲ. ಕಂಪ್ಯೂಟರ್ ಹಾಲಿನಲ್ಲಿರಲಿ, ಮಗುವಿಗೆ ಬೇರೆ ಸ್ಟ್ಯಾಂಡರ್ಡ್ ಖಾತೆ ಮಾಡಿಕೊಡಿ. ಹೊಸ ತಂತ್ರಾಂಶ ಹಾಕುವ ಅಧಿಕಾರ ದೊಡ್ಡವರೊಬ್ಬರ ಖಾತೆಗೆ ಮಾತ್ರ ಇರಲಿ.

ಇನ್ನು ಕರೆಂಟು. ಕಂಪ್ಯೂಟರಿಗೆ ಎಷ್ಟು ಬಿಲ್ ಬರುತ್ತದೋ ಎಂಬ ಅಂಜಿಕೆ ಹಲವರಿಗಿದೆ. ಸಾಧಾರಣ ಡೆಸ್ಕ್‌ಟಾಪ್ ಮಾನಿಟರ್ ಸೇರಿ ಸುಮಾರು 80 ವ್ಯಾಟ್ ಎಳೆಯುತ್ತದೆ. ದಿನಕ್ಕೆ 4 ಗಂಟೆಯಂತೆ ತಿಂಗಳಿಗೆ 10 ಯೂನಿಟ್ ಒಳಗೇ. ಅಂಜಬೇಕಾದ್ದು ಬಿಲ್ಲಿಗಲ್ಲ, ಅರ್ತಿಂಗ್ ಇಲ್ಲದ ಪ್ಲಗ್ಗಿಗೆ.

ಸಿಪಿಯು ಡಬ್ಬ ಮುಟ್ಟಿದರೆ ಜುಂ ಎನ್ನುತ್ತದೆ ಎಂದು ಬಹಳ ಮನೆಗಳಲ್ಲಿ ಹೇಳುತ್ತಾರೆ. ಕಾರಣ ಇದು. ಒಳಗಿನ ಎಸ್‌ಎಂಪಿಎಸ್‌ನಲ್ಲಿ, ಅಂದರೆ ಮನೆಯ ಕರೆಂಟನ್ನು ಕಂಪ್ಯೂಟರಿಗೆ ಒಗ್ಗಿಸುವ ಭಾಗದಲ್ಲಿ, ಫೇಸ್ ತಂತಿಯಿಂದ ಒಂದು, ನ್ಯೂಟ್ರಲ್‌ನಿಂದ ಒಂದು ಸಣ್ಣ ಕೆಪಾಸಿಟರ್ ಡಬ್ಬದ ಲೋಹಕ್ಕೆ ಜೋಡಿಸಿರುತ್ತಾರೆ. ಅರ್ತ್ ಇದ್ದರೆ ಆ ಸೋರಿಕೆ ನೆಲಕ್ಕೆ ಹೋಗುತ್ತದೆ. ಇಲ್ಲದಿದ್ದರೆ ಡಬ್ಬ 230 ವೋಲ್ಟಿನ ಅರ್ಧದಷ್ಟು, ಅಂದರೆ ಸುಮಾರು 115 ವೋಲ್ಟಿನಲ್ಲಿ ತೇಲುತ್ತಿರುತ್ತದೆ. ಹರಿಯುವ ಕರೆಂಟು ತೀರ ಕಡಿಮೆ, ಆದ್ದರಿಂದ ಬರೀ ಜುಂ ಅನ್ನುತ್ತದೆ. ಆದರೆ ಪೆನ್‌ಡ್ರೈವ್, ಮಾನಿಟರ್ ಕೇಬಲ್, ಪ್ರಿಂಟರ್ ಚುಚ್ಚುವಾಗ ಅದೇ ವೋಲ್ಟೇಜು ಪೋರ್ಟನ್ನು ಸುಡಬಹುದು. ಮಲ್ಟಿಮೀಟರ್ ಇಟ್ಟು ನೋಡಲು ಎಲೆಕ್ಟ್ರಿಷಿಯನ್‌ಗೆ ಹೇಳಿ. ಫೇಸ್-ಅರ್ತ್ ನಡುವೆ 230ರ ಆಸುಪಾಸು, ನ್ಯೂಟ್ರಲ್-ಅರ್ತ್ ನಡುವೆ 3 ವೋಲ್ಟ್ ಒಳಗೆ ಬರಬೇಕು. ಕೆಲವರು ಸಾಕೆಟ್ಟಿನಲ್ಲೇ ಅರ್ತ್ ಪಿನ್ನನ್ನು ನ್ಯೂಟ್ರಲ್‌ಗೆ ಕಟ್ಟಿ ಜುಂ ನಿಲ್ಲಿಸಿಬಿಡುತ್ತಾರೆ. ಇದನ್ನು ಎಂದೂ ಮಾಡಿಸಬೇಡಿ. ನ್ಯೂಟ್ರಲ್ ತಂತಿ ಒಂದು ಕಡೆ ಕಿತ್ತರೆ ಡಬ್ಬದ ಮೇಲೆ ಪೂರ್ತಿ 230 ವೋಲ್ಟ್ ಬರುತ್ತದೆ, ಮುಟ್ಟಿದವರ ಜೀವಕ್ಕೇ ಅಪಾಯ.

ಚಳ್ಳಕೆರೆ, ಹಿರಿಯೂರು, ಜಗಳೂರು ಕಡೆಯವರಿಗೆ ಇನ್ನೊಂದು ಮಾತು. ಅಲ್ಲಿನ ಮಳೆ ಕಡಿಮೆ, ಬೇಸಿಗೆಯಲ್ಲಿ ನೆಲ ಒಣಗಿ ಬಿರಿಯುತ್ತದೆ. ಒಣ ಮಣ್ಣಿನಲ್ಲಿ ಕರೆಂಟು ಸರಿಯಾಗಿ ಹರಿಯುವುದಿಲ್ಲ. ಮಳೆಗಾಲದಲ್ಲಿ ಸರಿಯಿದ್ದ ಅರ್ತ್ ಏಪ್ರಿಲ್‌ನಲ್ಲಿ ಇದ್ದೂ ಇಲ್ಲದಂತಾಗುತ್ತದೆ. ಉಪ್ಪು-ಇದ್ದಿಲು ಹಾಕಿದ ಅರ್ತ್ ಗುಂಡಿಗೆ ಬೇಸಿಗೆಯಲ್ಲಿ ವಾರ-ಹತ್ತು ದಿನಕ್ಕೊಮ್ಮೆ ಎರಡು ಕೊಡ ನೀರು ಹಾಕಿ.

ಕರೆಂಟ್ ಹೋದಾಗ ಯಂತ್ರ ತಟಕ್ಕನೆ ಆರಿದರೆ, ಆ ಕ್ಷಣ ಬರೆಯುತ್ತಿದ್ದ ಫೈಲ್ ಕೆಡುತ್ತದೆ, ಕೆಲವೊಮ್ಮೆ ವಿಂಡೋಸ್ ತೆರೆಯುವುದೇ ಇಲ್ಲ. ಕರೆಂಟ್ ಹೋದ ಕೂಡಲೇ ಬ್ಯಾಟರಿಯಿಂದ ನಡೆಸುವ ಯುಪಿಎಸ್ ಇದಕ್ಕೆ ಪರಿಹಾರ, 600 ವಿಎಯದು ಮನೆಗೆ ಸಾಕು. ಅದು ಹೊರುವುದು ಸುಮಾರು 360 ವ್ಯಾಟ್, ಒಳಗಿನ ಬ್ಯಾಟರಿ 12 ವೋಲ್ಟ್, 7 ಆಂಪಿಯರ್-ಅವರ್. ಹೊಸದಿದ್ದಾಗ 80 ವ್ಯಾಟಿನ ಯಂತ್ರಕ್ಕೆ ಹದಿನೈದು-ಇಪ್ಪತ್ತು ನಿಮಿಷ ಬರುತ್ತದೆ. ಅದು ಕೆಲಸ ಮುಂದುವರಿಸುವುದಕ್ಕಲ್ಲ, ಉಳಿಸಿ ಸರಿಯಾಗಿ ಮುಚ್ಚುವುದಕ್ಕೆ. ಎರಡು-ಮೂರು ವರ್ಷಕ್ಕೆ ಬ್ಯಾಟರಿ ಮುಗಿಯುತ್ತದೆ. ಇಡೀ ಯುಪಿಎಸ್ ಬಿಸಾಡಬೇಕಿಲ್ಲ, ಬ್ಯಾಟರಿ ಒಂದನ್ನೇ ಬದಲಿಸಿ.

ಮನೆಯಲ್ಲಿ ಇನ್ವರ್ಟರ್ ಇದ್ದೂ ಕಂಪ್ಯೂಟರ್ ಆರುವುದೇಕೆ ಎಂದು ಕೇಳುತ್ತಾರೆ. ಕರೆಂಟ್ ನಿಂತ ಮೇಲೆ ಎಸ್‌ಎಂಪಿಎಸ್ ತನ್ನೊಳಗಿನ ಶಕ್ತಿಯಲ್ಲಿ ನಡೆಸಬಲ್ಲದ್ದು ಸೆಕೆಂಡನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ ಸುಮಾರು ಹದಿನಾರು ಭಾಗದಷ್ಟು ಹೊತ್ತು. ಇನ್ವರ್ಟರ್ ನಾರ್ಮಲ್ ಮೋಡಿನಲ್ಲಿದ್ದರೆ ಬದಲಾಯಿಸಲು ಅದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಇನ್ವರ್ಟರ್ ಹಿಂಭಾಗದಲ್ಲೋ ಮುಂಭಾಗದಲ್ಲೋ ಯುಪಿಎಸ್ ಮೋಡ್ ಎಂಬ ಸ್ವಿಚ್ ಇದ್ದರೆ ಅದಕ್ಕೆ ಹಾಕಿ ನೋಡಿ. ಸೈನ್ ವೇವ್ ಇನ್ವರ್ಟರ್ (ಮನೆಯ ಕರೆಂಟಿನಂತೆಯೇ ನಯವಾದ ಕರೆಂಟು ಕೊಡುವಂಥದ್ದು) ಈ ಮೋಡಿನಲ್ಲಿದ್ದರೆ ಬಹುಮಟ್ಟಿಗೆ ಬೇರೆ ಯುಪಿಎಸ್ ಬೇಕಾಗುವುದಿಲ್ಲ.

ಲೇಸರ್ ಪ್ರಿಂಟರನ್ನು ಯುಪಿಎಸ್‌ಗೆ ಹಾಕಬೇಡಿ. ಕಾಗದಕ್ಕೆ ಪುಡಿ ಅಂಟಿಸಲು ಅದರೊಳಗಿನ ರೋಲರ್ ಬಿಸಿಯಾಗುವಾಗ ಒಮ್ಮೆಗೇ ನೂರಾರು ವ್ಯಾಟ್ ಎಳೆಯುತ್ತದೆ. 360 ವ್ಯಾಟಿನ ಯುಪಿಎಸ್ ಕೂಗಿ ಆರುತ್ತದೆ, ಜೊತೆಗೆ ಕಂಪ್ಯೂಟರನ್ನೂ ಆರಿಸುತ್ತದೆ. ಗೋಡೆಯ ಪ್ಲಗ್ಗಿಗೇ ಹಾಕಿ. ಇಂಕ್ ಪ್ರಿಂಟರ್ ಇದ್ದವರು ವಾರಕ್ಕೊಂದು ಕಲರ್ ಹಾಳೆ ತೆಗೆಯಿರಿ, ಇಲ್ಲದಿದ್ದರೆ ನಮ್ಮ ಬಿಸಿಲಿಗೆ ನಾಜಲ್ ಒಣಗಿ ಕಟ್ಟಿಕೊಳ್ಳುತ್ತದೆ. ತಿಂಗಳಿಗೆ ಹತ್ತು ಹಾಳೆ ತೆಗೆಯುವ ಮನೆಗೆ ಕಪ್ಪು-ಬಿಳುಪಿನ ಲೇಸರ್ ಮೇಲು ಎಂಬುದು ನನ್ನ ಅಭಿಪ್ರಾಯ. ಪುಡಿ ಒಣಗುವುದಿಲ್ಲ.

ಮೂರನೆಯದು ಧೂಳು. ಚಿತ್ರದುರ್ಗದ ಗಾಳಿ ಎಂಥದ್ದೆಂದು ಜೋಗಿಮಟ್ಟಿಯ ಗಾಳಿಯಂತ್ರಗಳೇ ಹೇಳುತ್ತವೆ. ಇಲ್ಲಿ ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಗಳ ಸುತ್ತಲಿನ ಮನೆಗಳಿಗೆ ಹೊಗೆಯ ಮಸಿ ಬೇರೆ. ಮಸಿ ಬರೀ ಧೂಳಿನಂತಲ್ಲ. ಜಿಡ್ಡಿನಿಂದ ಅಂಟಿಕೊಳ್ಳುತ್ತದೆ, ಬೀಸಿದರೂ ಹಾರುವುದಿಲ್ಲ, ಪ್ರೊಸೆಸರಿನ ಬಿಸಿ ಹೊರಹಾಕುವ ಲೋಹದ ಹೀಟ್‌ಸಿಂಕಿನ ಸಂದು ಮುಚ್ಚುತ್ತದೆ. ಪ್ರೊಸೆಸರ್ ಬಿಸಿಯಾದರೆ ಸುಟ್ಟುಹೋಗದಿರಲೆಂದು ತಾನಾಗೇ ನಿಧಾನವಾಗುತ್ತದೆ. "ಯಾಕೋ ಈ ಬೇಸಿಗೆಯಲ್ಲಿ ಕಂಪ್ಯೂಟರ್ ಸ್ಲೋ ಆಗಿದೆ, ವೈರಸ್ ಇರಬೇಕು" ಅನ್ನುವವರು ಮೊದಲು ಪಕ್ಕದ ಮುಚ್ಚಳ ತೆಗೆದು ಫ್ಯಾನ್ ನೋಡಬೇಕು.

ಮೂರು ತಿಂಗಳಿಗೊಮ್ಮೆ ಶುಚಿ ಮಾಡಿ. ಕಂಪ್ಯೂಟರ್ ಮುಚ್ಚಿ, ಪ್ಲಗ್ ಕಿತ್ತು, ಪವರ್ ಬಟನನ್ನು ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ, ಒಳಗೆ ಉಳಿದ ಕರೆಂಟು ಹೋಗುತ್ತದೆ. ಅಂಗಳಕ್ಕೆ ತಂದು ಮುಚ್ಚಳ ಬಿಚ್ಚಿ. ಫ್ಯಾನಿನ ರೆಕ್ಕೆಯನ್ನು ಒಂದು ಬೆರಳಿನಲ್ಲಿ ಹಿಡಿದುಕೊಂಡೇ ಬ್ಲೋಯರ್ ಬಿಡಿ. ಹಿಡಿಯದಿದ್ದರೆ ಗಾಳಿಯ ರಭಸಕ್ಕೆ ಅದು ಮಿತಿಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಅಂಟಿದ ಮಸಿಗೆ ಒಣ ಪೇಂಟ್ ಬ್ರಷ್ ಬಳಸಿ, ಒದ್ದೆ ಬಟ್ಟೆ ಬೇಡ. ಎಸ್‌ಎಂಪಿಎಸ್ ಡಬ್ಬವನ್ನು ಮಾತ್ರ ಬಿಚ್ಚಬೇಡಿ, ಅದರೊಳಗೆ ಪ್ಲಗ್ ಕಿತ್ತ ಮೇಲೂ ಶಾಕ್ ಹೊಡೆಯುವಷ್ಟು ಉಳಿದಿರಬಹುದು. ಹಿಂಬದಿಯಲ್ಲಿ ತಗಡಿನ ಪಟ್ಟಿ ಬಿದ್ದುಹೋದ ಸಂದಿದ್ದರೆ ಮುಚ್ಚಿ. ಬೆಚ್ಚಗಿದೆಯೆಂದು ಹಲ್ಲಿ ಒಳಗೆ ಸೇರುತ್ತದೆ, ಎರಡು ತಂತಿಗಳ ನಡುವೆ ಸಿಕ್ಕಿ ಶಾರ್ಟ್ ಮಾಡುತ್ತದೆ. ಇಲಿ ವೈರ್ ಕಡಿಯುತ್ತದೆ. ಡಬ್ಬವನ್ನು ನೆಲದಿಂದ ಒಂದು ಗೇಣು ಮೇಲೆ, ಗೋಡೆಯಿಂದ ಅರ್ಧ ಗೇಣು ದೂರ ಇಡಿ.

ಇಷ್ಟೆಲ್ಲ ಕಾಪಾಡಿದರೂ ಡಿಸ್ಕ್ ಒಂದು ದಿನ ಹೋಗಿಯೇ ಹೋಗುತ್ತದೆ. ಆದ್ದರಿಂದ ದಾಖಲೆಯ ಮೂರು ಪ್ರತಿ ಇರಬೇಕು. ಒಂದು ಕಂಪ್ಯೂಟರಿನಲ್ಲಿ, ಒಂದು ಹೊರಗಿನ ಹಾರ್ಡ್ ಡಿಸ್ಕಿನಲ್ಲಿ, ಒಂದು ಮನೆಯಿಂದಾಚೆ, ಅಂದರೆ ಗೂಗಲ್ ಡ್ರೈವ್‌ನಂಥ ಕಡೆಯೋ ಬೇರೆ ಊರಿನ ಅಣ್ಣತಮ್ಮಂದಿರ ಮನೆಯಲ್ಲೋ. ಹೊರಗಿನ ಡಿಸ್ಕನ್ನು ತಿಂಗಳಿಗೊಮ್ಮೆ ಚುಚ್ಚಿ, ನಕಲು ಮಾಡಿ, ಕಿತ್ತಿಡಿ. ಸದಾ ಚುಚ್ಚಿಯೇ ಇದ್ದರೆ, ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ರಾನ್ಸಮ್‌ವೇರ್ ಬಂದಾಗ ಅದರಲ್ಲಿರುವುದಕ್ಕೂ ಬೀಗ ಬೀಳುತ್ತದೆ. ಪೆನ್‌ಡ್ರೈವ್ ಸಾಗಿಸುವುದಕ್ಕೆ ಮಾತ್ರ, ಕಾಪಿಡುವುದಕ್ಕಲ್ಲ. ಹೊಸ ವಿಂಡೋಸ್ 11 ಯಂತ್ರದ ಡಿಸ್ಕ್ ತಾನಾಗೇ ಗೂಢಲಿಪಿಯಲ್ಲಿರಬಹುದು. ಅದನ್ನು ತೆರೆಯಲು ಬೇಕಾಗಬಹುದಾದ 48 ಅಂಕಿಯ ರಿಕವರಿ ಕೀಯನ್ನು ಕಾಗದದಲ್ಲಿ ಬರೆದು ಬೀರುವಿನಲ್ಲಿಡಿ. ಕದ್ದ ವಿಂಡೋಸನ್ನು ಆಕ್ಟಿವೇಟ್ ಮಾಡುವ ತಂತ್ರಾಂಶಗಳ ಜೊತೆ ರಾನ್ಸಮ್‌ವೇರ್‌ನಂಥ ಪಿಡುಗು ಒಳಬರುತ್ತದೆ, ಅವನ್ನು ಹಾಕಿಸಲೇಬೇಡಿ. ಬ್ಯಾಂಕಿನವರೆಂದು ಫೋನ್ ಮಾಡಿ, ನಿಮ್ಮ ಯಂತ್ರವನ್ನು ದೂರದಿಂದ ನಡೆಸಲು ಬಿಡುವ ಎನಿಡೆಸ್ಕ್ ಹಾಕಿಕೊಳ್ಳಿ ಎಂದರೆ ಫೋನ್ ಇಡಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳಿಗೆ ಉತ್ತರ.

ಹತ್ತು ವರ್ಷದ ಹಳೆ ಕಂಪ್ಯೂಟರ್ ಇದೆ, ಬಿಸಾಡಬೇಕೇ ಎಂದು ಕೇಳಿದರು. ಬೇಡ. ಅದರ ನಿಧಾನಕ್ಕೆ ಮುಖ್ಯ ಕಾರಣ ಹಳೆಯ ಹಾರ್ಡ್ ಡಿಸ್ಕ್. ಒಂದೊಂದು ಫೈಲಿಗೂ ತಿರುಗುವ ತಟ್ಟೆಯ ಮೇಲೆ ಮುಳ್ಳು ಓಡಾಡಬೇಕು. ಅದರ ಬದಲು ತಿರುಗುವ ಭಾಗವಿಲ್ಲದ 256 ಜಿಬಿಯ ಸಾಟಾ ಎಸ್‌ಎಸ್‌ಡಿ ಹಾಕಿ, ರ‍್ಯಾಮ್ (ಕೆಲಸ ನಡೆಯುವಾಗಿನ ತಾತ್ಕಾಲಿಕ ನೆನಪಿನ ಚಿಪ್) 8 ಜಿಬಿ ಮಾಡಿದರೆ ಮಿನಿಟುಗಟ್ಟಲೆ ಕಾಯುತ್ತಿದ್ದದ್ದು ಅರ್ಧ ನಿಮಿಷದೊಳಗೆ ತೆರೆಯುತ್ತದೆ. ರ‍್ಯಾಮ್ ಕೊಳ್ಳುವಾಗ ಹಳೆಯ ಚಿಪ್ಪನ್ನೇ ಅಂಗಡಿಗೆ ಒಯ್ಯಿರಿ. ಡಿಡಿಆರ್ 3ರ ಜಾಗದಲ್ಲಿ ಡಿಡಿಆರ್ 4 ಕೂರುವುದಿಲ್ಲ, ಕಚ್ಚಿನ ಜಾಗವೇ ಬೇರೆ. ವಿಂಡೋಸ್ 10ಕ್ಕೆ ಸಾಮಾನ್ಯ ಭದ್ರತಾ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಮತ್ತು ಇಂಟೆಲ್ ಆದರೆ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು. ಅವಿಲ್ಲದ ಯಂತ್ರಕ್ಕೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕಿಸಿ, ಅರ್ಜಿ, ಲೆಕ್ಕ, ಕನ್ನಡ ಬರಹ ಎಲ್ಲಕ್ಕೂ ನಡೆಯುತ್ತದೆ.

ಸೆಕೆಂಡ್ ಹ್ಯಾಂಡ್ ಆಫೀಸ್ ಕಂಪ್ಯೂಟರ್ ಕೊಳ್ಳಬಹುದೇ? ಕೊಳ್ಳಬಹುದು, ಒಂದು ಎಚ್ಚರಿಕೆಯೊಡನೆ. ಪುಟ್ಟ ಡಬ್ಬದ ಬ್ರಾಂಡೆಡ್ ಯಂತ್ರಗಳ ಎಸ್‌ಎಂಪಿಎಸ್ ಮತ್ತು ಮದರ್‌ಬೋರ್ಡ್ (ಎಲ್ಲ ಭಾಗ ಕೂರುವ ಮುಖ್ಯ ಫಲಕ) ಅವುಗಳದೇ ಅಳತೆಯವು. ಕೆಟ್ಟರೆ ಇಲ್ಲಿನ ಅಂಗಡಿಯಲ್ಲಿ ಸಿಗದೆ ವಾರಗಟ್ಟಲೆ ಕಾಯಬೇಕಾದೀತು. ದೊಡ್ಡ ಟವರ್ ಡಬ್ಬವಾದರೆ ಸಾಮಾನ್ಯ ಬಿಡಿಭಾಗ ಹಿಡಿಸುತ್ತವೆಯೇ ಎಂದು ಮುಚ್ಚಳ ತೆಗೆಸಿ ನೋಡಿ.

ದಿನಾಂಕ ಹಿಂದಕ್ಕೆ ಹೋಗುತ್ತದೆ, ಯಾವ ಜಾಲತಾಣವೂ ತೆರೆಯುವುದಿಲ್ಲ ಎಂದು ಒಬ್ಬ ತಾಯಿ ಕೇಳಿದರು. ಇಂಟರ್‌ನೆಟ್‌ನ ದೋಷವಲ್ಲಮ್ಮ. ಮದರ್‌ಬೋರ್ಡಿನ ನಾಣ್ಯದಂಥ ಬ್ಯಾಟರಿ, ಸಿಆರ್ 2032 ಎಂಬುದು, ಮುಗಿದಿದೆ. ಪ್ರತಿ ತಾಣದ ಭದ್ರತಾ ಪತ್ರಕ್ಕೂ ಆರಂಭದ ಮತ್ತು ಕೊನೆಯ ದಿನಾಂಕ ಇರುತ್ತದೆ. ಕಂಪ್ಯೂಟರಿನ ಗಡಿಯಾರ ವರ್ಷಗಟ್ಟಲೆ ಹಿಂದಿದ್ದರೆ ಆ ಪತ್ರ ಇನ್ನೂ ಜಾರಿಗೇ ಬಂದಿಲ್ಲವೆಂದು ಬ್ರೌಸರ್ ತಡೆಯುತ್ತದೆ. ಪ್ಲಗ್ ಕಿತ್ತು, ಹೊಸ ಬ್ಯಾಟರಿಯನ್ನು ಪ್ಲಸ್ ಗುರುತು ಮೇಲೆ ಬರುವಂತೆ ಕೂರಿಸಿ, ದಿನಾಂಕ ಸರಿಮಾಡಿ.

ಇನ್ನೊಬ್ಬರದು: ಸ್ವಿಚ್ ಹಾಕಿದರೆ ಫ್ಯಾನ್ ತಿರುಗುತ್ತದೆ, ಬೀಪ್ ಬೀಪ್ ಎನ್ನುತ್ತದೆ, ಪರದೆಯ ಮೇಲೆ ಏನೂ ಬರುವುದಿಲ್ಲ. ಬಹುಪಾಲು ರ‍್ಯಾಮಿನ ತೊಂದರೆ, ತೇವ ಮತ್ತು ಧೂಳಿಗೆ ಅದರ ಹೊಂಬಣ್ಣದ ಪಟ್ಟಿ ಮಂಕಾಗಿರುತ್ತದೆ. ಪ್ಲಗ್ ಕೀಳಿ, ಬಟನ್ ಒತ್ತಿ ಹಿಡಿಯಿರಿ, ಡಬ್ಬದ ಬರಿ ಲೋಹವನ್ನು ಒಮ್ಮೆ ಮುಟ್ಟಿ. ಎರಡು ತುದಿಯ ಕ್ಲಿಪ್ ಸರಿಸಿ ರ‍್ಯಾಮ್ ಎತ್ತಿ. ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಪಟ್ಟಿಯನ್ನು ಎರಡೂ ಬದಿ ಮೆಲ್ಲಗೆ ಉಜ್ಜಿ, ಪುಡಿಯನ್ನು ಬ್ರಷ್ಷಿನಿಂದ ತೆಗೆಯಿರಿ. ಬಾಯಿಂದ ಊದಬೇಡಿ, ಎಂಜಲಿನ ತೇವ ಸೇರುತ್ತದೆ. ಕಚ್ಚು ಹೊಂದಿಸಿ, ಎರಡೂ ತುದಿ ಟಕ್ ಎನ್ನುವವರೆಗೆ ಒತ್ತಿ ಕೂರಿಸಿ. ಎರಡು ಚಿಪ್ ಇದ್ದರೆ ಮೊದಲು ಒಂದನ್ನೇ ಹಾಕಿ ನೋಡಿ, ಆಮೇಲೆ ಇನ್ನೊಂದನ್ನು. ಆಗಲೂ ಬಾರದಿದ್ದರೆ ಯಾವ ಚಿಪ್ಪಿಗೆ ಎಷ್ಟು ಬೀಪ್ ಬಂತೆಂದು ಬರೆದುಕೊಂಡು ರಿಪೇರಿಯವರ ಬಳಿ ಹೋಗಿ, ಅವರ ಅರ್ಧ ಕೆಲಸ ಅಲ್ಲೇ ಮುಗಿದಿರುತ್ತದೆ.